ಏರ್ ಫಿಲ್ಟರ್ ಬದಲಿಸಿದರೆ ರೀಮ್ಯಾಪ್ ಬೇಕೆ? ಇಂಜೆಕ್ಷನ್ ಬೈಕುಗಳ ಗಾಳಿ–ಇಂಧನ ಲೆಕ್ಕದ ಒಂದು ಪರಿಶೀಲನೆ

ಕಾಗದದ ಏರ್ ಫಿಲ್ಟರ್ ತೆಗೆದು ಎಣ್ಣೆ ಸವರಿದ ಹತ್ತಿಬಟ್ಟೆಯ ಫಿಲ್ಟರ್ ಹಾಕಿಸಿದವರಿಗೆ ಗ್ಯಾರೇಜಿನಲ್ಲಿ ಸಿಗುವ ಎಚ್ಚರಿಕೆ ಗೊತ್ತಿರುವಂಥದ್ದೇ: ‘ಗಾಳಿ ಜಾಸ್ತಿ ಆಯ್ತು, ಇಂಜಿನ್ ಲೀನ್ ಆಗುತ್ತೆ, ರೀಮ್ಯಾಪ್ ಮಾಡಿಸಿಬಿಡಿ.’ ಗಾಳಿ ತುಸು ಜಾಸ್ತಿಯಾಗುವುದು ನಿಜವಿರಬಹುದು. ಅದರಿಂದ ಉಳಿದ ಎರಡು ಮಾತು ತಾವಾಗಿಯೇ ಸಿದ್ಧವಾಗುವುದಿಲ್ಲ. ಗಾಳಿ ಬರುವ ದಾರಿಯ ಆಕಾರ ಬದಲಾಗಿದೆಯೆ, ಆ ಬದಲಾವಣೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನ ಸೆನ್ಸರುಗಳಿಗೆ ಕಾಣುತ್ತದೆಯೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಇಸಿಯುವಿನ ಇಂಧನ ಕೋಷ್ಟಕವನ್ನು ತಿದ್ದುವ ರೀಮ್ಯಾಪಿನ ಮಾತು ಬರಬೇಕು ಎಂಬುದು ಈ ಲೇಖನದ ವಾದ. ಲೆಕ್ಕಕ್ಕೆ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಬೈಕಿನ 648 ಸಿಸಿ ಜೋಡಿ ಸಿಲಿಂಡರಿನ ಇಂಜಿನ್ನನ್ನು ಮಾದರಿಯಾಗಿ ಇಟ್ಟುಕೊಂಡಿದ್ದೇನೆ.

ಲೀನ್, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಿಗದ ಸ್ಥಿತಿ, ಎಂಬ ಭಯಕ್ಕೆ ಒಂದು ಚರಿತ್ರೆಯಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ಹೊರತಂದ ಟು-ಸ್ಟ್ರೋಕ್ ಬೈಕುಗಳ ಮೇಲೆ ಕೈ ಪಳಗಿಸಿಕೊಂಡ ಮೆಕ್ಯಾನಿಕರ ಒಂದು ತಲೆಮಾರೇ ನಮ್ಮಲ್ಲಿದೆ. ಎಣ್ಣೆ ಬೆರೆಸಿದ ಪೆಟ್ರೋಲಿನಲ್ಲಿ ಓಡುವ ಅಂಥ ಇಂಜಿನ್ನಿಗೆ ಇಂಧನ ಕಡಿಮೆಯಾದರೆ ಜಾರೆಣ್ಣೆಯೂ ಕಡಿಮೆಯಾಗುತ್ತದೆ. ಪಿಸ್ಟನ್ ಸೀಜ್ ಆಗಬಹುದು. ಕಾರ್ಬ್ಯುರೇಟರಿನಲ್ಲಂತೂ ಪೆಟ್ರೋಲನ್ನು ಮೇಲಕ್ಕೆಳೆಯುವುದು ಗಾಳಿಯ ಒತ್ತಡದ ಕುಸಿತವೇ. ಫಿಲ್ಟರಿನ ತಡೆ ತಗ್ಗಿದರೆ ಜೆಟ್ಟಿನ ಬಾಯಲ್ಲಿನ ಎಳೆತವೂ ತಗ್ಗಬಹುದು. ಆಗ ದೊಡ್ಡ ಮೇನ್ ಜೆಟ್ ಹಾಕುವುದು ಸರಿಯಾದ ಕ್ರಮವೇ ಆಗಿತ್ತು. ಇಂಜೆಕ್ಷನ್ ಬಂದಾಗ ಯಂತ್ರ ಬದಲಾಯಿತು, ಭಯ ಮಾತ್ರ ಹಾಗೆಯೇ ಉಳಿಯಿತು.

ಬೈಕಿನ ಇಸಿಯು ಗಾಳಿಯನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ಕಾರುಗಳಲ್ಲಿರುವ ಗಾಳಿಹರಿವಿನ ಮಾಪಕ ಬೈಕುಗಳಲ್ಲಿ ಅಪರೂಪ. ಥ್ರಾಟಲಿನ ಆಚೆ, ಮ್ಯಾನಿಫೋಲ್ಡಿನೊಳಗಿನ ಒತ್ತಡ ಮತ್ತು ಉಷ್ಣತೆಯನ್ನು ಓದಿ ಸಿಲಿಂಡರಿಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಲೆಕ್ಕ ಹಾಕುವುದು ಒಂದು ವಿಧಾನ. ಥ್ರಾಟಲ್ ಎಷ್ಟು ತೆರೆದಿದೆ, ಇಂಜಿನ್ ಎಷ್ಟು ಸುತ್ತುತ್ತಿದೆ ಎಂಬೆರಡನ್ನೇ ಕೋಷ್ಟಕದಲ್ಲಿ ಹುಡುಕಿ ಇಂಧನ ನಿಗದಿ ಮಾಡುವುದು ಇನ್ನೊಂದು. ಮೊದಲ ವಿಧಾನದಲ್ಲಿ ಫಿಲ್ಟರಿನ ತಡೆ ಇಳಿದದ್ದು ಮ್ಯಾನಿಫೋಲ್ಡ್ ಒತ್ತಡ ಏರಿದಂತೆ ಕಾಣುತ್ತದೆ, ಇಂಧನವೂ ಅದರ ಹಿಂದೆಯೇ ಏರುತ್ತದೆ. ಎರಡನೆಯದರಲ್ಲಿ ಅದು ಕಾಣುವುದೇ ಇಲ್ಲ. ಹಲವು ಬೈಕುಗಳು ಕಡಿಮೆ ಲೋಡಿನಲ್ಲಿ ಒತ್ತಡವನ್ನೂ ಹೆಚ್ಚು ಲೋಡಿನಲ್ಲಿ ಥ್ರಾಟಲ್ ಕೋನವನ್ನೂ ನಂಬುತ್ತವೆ. ಹಾಗಾಗಿ ಥ್ರಾಟಲ್ ಪೂರ್ತಿ ತಿರುವಿದಾಗ ಕಾಣದೆ ಉಳಿಯುವ ವ್ಯತ್ಯಾಸ ಎಷ್ಟು ಎಂದು ಕೇಳುವುದು ನ್ಯಾಯವೇ.

648 ಸಿಸಿಯ ಫೋರ್-ಸ್ಟ್ರೋಕ್ ಇಂಜಿನ್ 7,000 ಆರ್‌ಪಿಎಂನಲ್ಲಿ, ಸಿಲಿಂಡರು ಪೂರ್ತಿ ತುಂಬಿತೆಂದೇ ಹಿಡಿದರೂ, ಸೆಕೆಂಡಿಗೆ ಸುಮಾರು 38 ಲೀಟರ್ ಗಾಳಿ ಎಳೆಯುತ್ತದೆ. ಈ ಹರಿವಿನಲ್ಲಿ ಹಳೆಯ ಫಿಲ್ಟರಿನಿಂದ 1.5 ಕಿಲೋಪಾಸ್ಕಲ್ ಒತ್ತಡ ನಷ್ಟವಾಗುತ್ತಿತ್ತು, ಹೊಸದರಲ್ಲಿ ಅದು 0.7ಕ್ಕೆ ಇಳಿಯಿತು ಎಂದು ಇಟ್ಟುಕೊಳ್ಳೋಣ. ಹೊಸ ಫಿಲ್ಟರಿನ ಪರವಾಗಿ ಧಾರಾಳವಾಗಿಯೇ ಮಾಡಿದ ಊಹೆ ಇದು. ಸಮುದ್ರಮಟ್ಟದಲ್ಲಿ ಸಿಗುವ ಲಾಭ ಶೇ 0.8. ಇಸಿಯು ಕಣ್ಣುಮುಚ್ಚಿ ಕುಳಿತಿದ್ದರೂ 13.0 ಇದ್ದ ಗಾಳಿ–ಇಂಧನ ಅನುಪಾತ 13.1 ಆಗುತ್ತದೆ, ಅಷ್ಟೆ. ಪೂರ್ಣ ಥ್ರಾಟಲಿನಲ್ಲಿ ಇಂಜಿನ್ನನ್ನು ಮೊದಲೇ ರಿಚ್ ಆಗಿ (ಇಂಧನ ಹೆಚ್ಚಿರುವಂತೆ) ಇಟ್ಟಿರುತ್ತಾರೆ, ಆ ವಲಯದಲ್ಲಿ ಟಾರ್ಕ್ ರೇಖೆ ಬಹುತೇಕ ಚಪ್ಪಟೆ, 0.1ರ ವ್ಯತ್ಯಾಸ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅರ್ಧ ಥ್ರಾಟಲಿಗಿಂತ ಕೆಳಗೆ ಗಾಳಿಯನ್ನು ತಡೆಯುವುದು ಮುಖ್ಯವಾಗಿ ಥ್ರಾಟಲಿನ ಬಿಲ್ಲೆ. ಫಿಲ್ಟರಿನ ಪಾತ್ರ ಅಲ್ಲಿ ಇನ್ನೂ ಕಿರಿದು.

ಈ 0.8ರ ಪಕ್ಕದಲ್ಲಿ ಬೇರೆ ಅಂಕಿಗಳನ್ನಿಟ್ಟು ನೋಡಬೇಕು. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಬಂದರೆ ವಾಯುಭಾರ 101ರಿಂದ ಸುಮಾರು 91 ಕಿಲೋಪಾಸ್ಕಲಿಗೆ ಇಳಿಯುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ 80ರ ಹತ್ತಿರ. ಘಾಟಿ ಹತ್ತಿದ್ದಕ್ಕೆ ಯಾರೂ ರೀಮ್ಯಾಪ್ ಮಾಡಿಸುವುದಿಲ್ಲ, ಮಾಡಿಸಬೇಕಾಗಿಯೂ ಇಲ್ಲ. ವಾಯುಭಾರವನ್ನು ಇಸಿಯು ಓದುತ್ತದೆ, ಎಷ್ಟೋ ಬೈಕುಗಳಲ್ಲಿ ಕೀ ತಿರುಗಿಸಿದ ಆ ಕ್ಷಣದಲ್ಲೇ. ಬೆಳಗಿನ 25 ಡಿಗ್ರಿ ಮಧ್ಯಾಹ್ನ 35 ಆದರೆ ಗಾಳಿಯ ಸಾಂದ್ರತೆ ಶೇ 3ಕ್ಕೂ ಹೆಚ್ಚು ಕುಸಿಯುತ್ತದೆ. ಅದಕ್ಕೂ ಸೆನ್ಸರ್ ಇದೆ.

ಇನ್ನು ಪೆಟ್ರೋಲು. ಎಥೆನಾಲ್ ಇಲ್ಲದ ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕು, ಶೇ 10 ಎಥೆನಾಲ್ ಬೆರೆತರೆ ಸುಮಾರು 14.1, ಶೇ 20 ಬೆರೆತರೆ 13.5ರ ಆಸುಪಾಸು. ಇ10ಕ್ಕೆ ಹೊಂದಿಸಿದ ಬೈಕಿಗೆ ಇ20 ತುಂಬಿಸಿದರೆ, ತಿದ್ದುಪಡಿ ಸಿಗದ ಸ್ಥಿತಿಯಲ್ಲಿ ಅದು ಶೇ 4ರಷ್ಟು ಲೀನ್ ಆಗುತ್ತದೆ. ಫಿಲ್ಟರಿನಿಂದ ಆಗುವುದರ ಐದು ಪಟ್ಟು! ಫಿಲ್ಟರಿಗಾಗಿ ಕಳವಳಪಡುವವರು ಬಂಕಿನಲ್ಲಿ ಮಾತ್ರ ನಿಶ್ಚಿಂತರಾಗಿ ನಿಂತಿರುತ್ತಾರೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಸಾಕ್ಷ್ಯ ಕಂಪನಿಯ ಫಿಲ್ಟರಿನ ಬಾಳಿನಲ್ಲೇ ಇದೆ. ಹೊಸ ಕಾಗದದ ಫಿಲ್ಟರ್ ದಿನೇ ದಿನೇ ದೂಳು ತುಂಬಿಕೊಳ್ಳುತ್ತದೆ. ಬದಲಿಸುವ ಹೊತ್ತಿಗೆ ಅದರ ತಡೆ ಮೊದಲಿನದಕ್ಕಿಂತ ಬಹಳ ಏರಿರುತ್ತದೆ. ಈ ಇಡೀ ಏರಿಕೆಯನ್ನು ತಾಳಿಕೊಳ್ಳುವಂತೆಯೇ ಮೂಲ ಮ್ಯಾಪ್ ತಯಾರಾಗಿರುತ್ತದೆ. ಕಟ್ಟಿಕೊಂಡ ಫಿಲ್ಟರ್ ತೆಗೆದು ಅದೇ ಕಂಪನಿಯ ಹೊಸದನ್ನು ಹಾಕಿದಾಗಲೂ ಗಾಳಿ ಜಾಸ್ತಿಯಾಗುತ್ತದಲ್ಲ? ಆಗ ರೀಮ್ಯಾಪ್ ಮಾಡಿಸಿ ಎಂದು ಹೇಳಿದವರನ್ನು ನಾನು ಕಂಡಿಲ್ಲ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮಗಳ ಬೈಕುಗಳಲ್ಲಿ ಸೈಲೆನ್ಸರಿನ ಹಾದಿಯಲ್ಲಿ ಆಕ್ಸಿಜನ್ ಸೆನ್ಸರ್ ಕೂತಿರುತ್ತದೆ. ಸಮವೇಗದಲ್ಲಿ ಓಡುವಾಗ ಇಸಿಯು ಅದರ ಸಂಕೇತ ನೋಡಿ ಇಂಧನವನ್ನು ತಿದ್ದುತ್ತಲೇ ಇರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುವುದು ಗಾಳಿ–ಇಂಧನ ಅನುಪಾತದ ಒಂದು ಕಿರಿದಾದ ವ್ಯಾಪ್ತಿಯಲ್ಲಿ ಮಾತ್ರ. ಇದೇ ಸೆನ್ಸರಿನ ತಂತಿಗೆ ಚಿಕ್ಕ ಪೆಟ್ಟಿಗೆಯೊಂದನ್ನು ಸಿಕ್ಕಿಸಿ, ಇಂಜಿನ್ ಲೀನ್ ಇದೆ ಎಂದು ಇಸಿಯುವನ್ನು ನಂಬಿಸಿ ಹೆಚ್ಚು ಪೆಟ್ರೋಲ್ ಹಾಕಿಸುವ ಸಾಧನಗಳು ಮಾರುಕಟ್ಟೆಯಲ್ಲಿವೆ. ಅದರಿಂದ ಓಟ ಮೃದುವಾಯಿತು ಎಂದು ಸವಾರರು ಹೇಳುವುದು ಸುಳ್ಳಲ್ಲ. ಆದರೆ ಆ ಮೃದುತ್ವ ಬಂದದ್ದು ಹೆಚ್ಚುವರಿ ಪೆಟ್ರೋಲಿನಿಂದ. ಫಿಲ್ಟರ್ ಬದಲಿಸದೆಯೂ ಅದು ಬರುತ್ತಿತ್ತು. ಬೆಲೆಯಾಗಿ ಮೈಲೇಜ್ ಇಳಿಯುತ್ತದೆ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಏರುತ್ತದೆ.

ಫಿಲ್ಟರ್ ಕೂರುವ ಪೆಟ್ಟಿಗೆಯಾದ ಏರ್‌ಬಾಕ್ಸನ್ನೇ ಕಿತ್ತು ಕೋನ್ ಆಕಾರದ ತೆರೆದ ಫಿಲ್ಟರ್ ಕೂರಿಸಿದಾಗ ಮಾತ್ರ ಮೇಲಿನ ವಾದವೆಲ್ಲ ಬಿದ್ದುಹೋಗುತ್ತದೆ. ಏರ್‌ಬಾಕ್ಸಿನ ಗಾತ್ರ, ಅದರ ಮೂತಿಯ ಉದ್ದಗಲ ಎಲ್ಲವೂ ಅನುರಣನದ ಲೆಕ್ಕದ ಮೇಲೆ ನಿಂತವು. ಕವಾಟ ತೆರೆಯುವ ಹೊತ್ತಿಗೆ ಒತ್ತಡದ ಅಲೆ ಬಂದು ತಲುಪಿದರೆ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ. ಬಾಕ್ಸ್ ಹೋದರೆ ಈ ಹೊಂದಿಕೆಯೂ ಹೋಗುತ್ತದೆ: ಒಂದು ಆರ್‌ಪಿಎಂನಲ್ಲಿ ಗಾಳಿ ಹೆಚ್ಚು, ಇನ್ನೊಂದರಲ್ಲಿ ಮೊದಲಿಗಿಂತ ಕಡಿಮೆ. ಎಲ್ಲ ಕಡೆಯೂ ಶೇ 5 ಇಂಧನ ಏರಿಸುವ ಸಿದ್ಧ ಮ್ಯಾಪುಗಳು ಇಲ್ಲಿ ಸೋಲುತ್ತವೆ, ಏಕೆಂದರೆ ಕೊರತೆ ಎಲ್ಲ ಕಡೆಯೂ ಒಂದೇ ಅಲ್ಲ. ಸಾಲದ್ದಕ್ಕೆ ಕೆಲವು ಬೈಕುಗಳಲ್ಲಿ ಗಾಳಿಯ ಉಷ್ಣತೆ ಅಳೆಯುವ ಸೆನ್ಸರ್ ಏರ್‌ಬಾಕ್ಸಿನ ಗೋಡೆಯಲ್ಲೇ ಇರುತ್ತದೆ. ಬಾಕ್ಸ್ ತೆಗೆದವರು ಅದನ್ನು ಇಂಜಿನ್ನಿನ ಪಕ್ಕ ಜೋತುಬಿಟ್ಟರೆ ಇಸಿಯುವಿಗೆ ತಪ್ಪು ಉಷ್ಣತೆ ತಲುಪುತ್ತದೆ. ಇಂಥಲ್ಲಿ ಡೈನೊ ಮೇಲೆ, ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ, ಥ್ರಾಟಲ್ ಮತ್ತು ಆರ್‌ಪಿಎಂನ ಒಂದೊಂದು ಕೋಶವನ್ನೂ ತಿದ್ದುವ ರೀಮ್ಯಾಪ್ ಅನಿವಾರ್ಯ. ಬೆಂಗಳೂರಿನ ರೇಸ್ ಡೈನಾಮಿಕ್ಸ್ ತಯಾರಿಸುವ ಪವರ್‌ಟ್ರಾನಿಕ್‌ನಂಥ ಪಿಗ್ಗಿಬ್ಯಾಕ್ ಇಸಿಯುಗಳಿಗೆ ಸರಿಯಾದ ಕೆಲಸ ಸಿಗುವುದು ಇಲ್ಲಿಯೇ.

ಫಿಲ್ಟರ್ ಬದಲಿಸಿದರೆ ರೀಮ್ಯಾಪ್ ಬೇಕೇ ಬೇಕು ಎನ್ನಲು ರೂಢಿಯಲ್ಲಿ ಮುಂದಿಡುವ ಸಾಕ್ಷ್ಯಗಳು ದುರ್ಬಲ. ಥ್ರಾಟಲ್ ಬಿಟ್ಟಾಗ ಸೈಲೆನ್ಸರಿನಿಂದ ಬರುವ ಪಟಪಟ ಸದ್ದು ಲೀನ್ ಎನ್ನುವುದಕ್ಕೆ ಪುರಾವೆಯಾಗದು. ಸೈಲೆನ್ಸರ್ ಜೋಡಣೆಯ ಸಂದಿಯಿಂದ ಗಾಳಿ ಒಳನುಗ್ಗಿದರೂ ಅದೇ ಸದ್ದು ಬರುತ್ತದೆ. ಸ್ಪಾರ್ಕ್ ಪ್ಲಗ್ಗಿನ ಬಣ್ಣ ಸೀಸವಿದ್ದ ಪೆಟ್ರೋಲಿನ ಕಾಲದ ದಿಕ್ಸೂಚಿ. ಡೈನೊ ಹಾಳೆಯ ಮೇಲಿನ ಅರ್ಧ ಅಶ್ವಶಕ್ತಿಯ ಏರಿಕೆ 47 ಅಶ್ವಶಕ್ತಿಯ ಇಂಜಿನ್ನಿನಲ್ಲಿ ಶೇ 1 ಮಾತ್ರ. ಇಂಜಿನ್ ಇನ್ನಷ್ಟು ಬಿಸಿಯೇರಿದ್ದರೂ ಅಷ್ಟು ವ್ಯತ್ಯಾಸ ಬರುತ್ತದೆ.

ಎಣ್ಣೆ ಸವರಿದ ಹತ್ತಿಬಟ್ಟೆಯ ಬಗ್ಗೆ ಕೇಳಬೇಕಾದ ಪ್ರಶ್ನೆ ನಿಜವಾಗಿ ದೂಳಿನದು. ಗಾಳಿಯನ್ನು ಸಲೀಸಾಗಿ ಬಿಡುವ ಜಾಲರಿ ಸಣ್ಣ ಕಣಗಳನ್ನೂ ಬಿಡುವ ಸಾಧ್ಯತೆ ಹೆಚ್ಚು, ಕೆಮ್ಮಣ್ಣಿನ ರಸ್ತೆಗಳಲ್ಲಿ ಪಿಸ್ಟನ್ ರಿಂಗುಗಳನ್ನು ಸವೆಸುವುದು ಆ ಸಣ್ಣ ಕಣಗಳೇ. ತಡೆ, ಶೋಧನ ಸಾಮರ್ಥ್ಯ, ದೂಳು ಹಿಡಿದಿಡುವ ಪ್ರಮಾಣ ಮೂರನ್ನೂ ಒಟ್ಟಿಗೆ ಅಳೆಯಲು ಐಎಸ್‌ಒ 5011 ಮಾನದಂಡವಿದೆ. ಜಾಹೀರಾತುಗಳಲ್ಲಿ ಮೊದಲನೆಯದರ ಅಂಕಿ ದಪ್ಪಕ್ಷರದಲ್ಲಿರುತ್ತದೆ.

ಸಂಶಯ ಉಳಿದವರಿಗೆ ಅಳೆಯುವ ದಾರಿ ತೆರೆದೇ ಇದೆ. ಫಿಲ್ಟರ್ ಬದಲಿಸುವ ಮುನ್ನ ಮತ್ತು ಆಮೇಲೆ, ಅದೇ ಟ್ಯಾಂಕ್ ಪೆಟ್ರೋಲಿನಲ್ಲಿ, ಅದೇ ರಸ್ತೆಯಲ್ಲಿ ಓಡಿಸಿ, ಇಸಿಯು ಕಲಿತುಕೊಂಡ ದೀರ್ಘಾವಧಿ ಇಂಧನ ತಿದ್ದುಪಡಿಯನ್ನು ಸ್ಕ್ಯಾನರಿನಲ್ಲಿ ಓದಿಕೊಳ್ಳಬೇಕು. ಎರಡರ ಅಂತರ ಶೇ 2–3ರೊಳಗಿದ್ದರೆ ಮೂಲ ಮ್ಯಾಪನ್ನು ಮುಟ್ಟುವ ಅಗತ್ಯ ನನಗೆ ಕಾಣುವುದಿಲ್ಲ. ತಿದ್ದುಪಡಿ ನಡೆಯದ ಪೂರ್ಣ ಥ್ರಾಟಲಿನ ಓಟಕ್ಕೆ ವೈಡ್‌ಬ್ಯಾಂಡ್ ಸೆನ್ಸರೇ ಬೇಕು. ಅದನ್ನೂ ನೋಡಿ ರೀಮ್ಯಾಪ್ ಮಾಡಿಸಿದವರು ಮ್ಯಾಪಿನ ಜೊತೆಗೆ ಆ ದಿನದ ಉಷ್ಣತೆ, ವಾಯುಭಾರ ಮತ್ತು ಪೆಟ್ರೋಲಿನಲ್ಲಿದ್ದ ಎಥೆನಾಲ್ ಪ್ರಮಾಣವನ್ನು ಬರೆಸಿಕೊಳ್ಳಬೇಕು. ಇ10ರಲ್ಲಿ ಹೊಂದಿಸಿದ ಪೂರ್ಣ ಥ್ರಾಟಲಿನ ಕೋಶಗಳು ಇ20 ತುಂಬಿಸಿದ ದಿನ ಮತ್ತೆ ಶೇ 4ರಷ್ಟು ಲೀನ್ ಆಗಿರುತ್ತವೆ.