ಮೊದಲು ಸೊಸೈಟಿ, ಆಮೇಲೆ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಹೇಳುವವರ ಕಣ್ಣ ಮುಂದೆ ಇರುವುದು ಒಬ್ಬ ಯಜಮಾನ. ಅಡಿಪಾಯದ ಕಲ್ಲು, ತೊಲೆ, ಹಂಚು, ಮೇಸ್ತ್ರಿಯ ಬಟವಾಡೆ ಎಲ್ಲವೂ ಅವನ ತಲೆಯ ಮೇಲೆ. ಮುಂಬಯಿಗೆ ಬಂದವರಿಗೆ ಈ ಗಾದೆ ಅರ್ಧ ಮಾತ್ರ ಒಪ್ಪುತ್ತದೆ. ಮದುವೆಯನ್ನು ಇಲ್ಲಿಯೂ ಮಾಡಿ ನೋಡಬಹುದು. ಮನೆಯನ್ನು ಒಬ್ಬನೇ ಕಟ್ಟಿ ನೋಡಲು ಸಾಮಾನ್ಯ ಸಂಬಳದವನಿಗೆ ನೆಲ ಎಲ್ಲಿದೆ? ಹತ್ತು ಜನ ಕೂಡಿ ಕಟ್ಟಬೇಕು, ಇಲ್ಲವೇ ಯಾರೋ ಕಟ್ಟಿದ್ದನ್ನು ಕೊಳ್ಳಬೇಕು. ನಮ್ಮಲ್ಲಿ ಬಹುಪಾಲು ಜನ ಹಿಡಿದದ್ದು ಎರಡನೆಯ ದಾರಿ. ಮೊದಲನೆಯ ದಾರಿಯನ್ನು ಈ ನಗರಕ್ಕೆ ತೋರಿಸಿಕೊಟ್ಟವರು ಯಾರು ಎಂದು ಹುಡುಕುತ್ತ ಹೋದರೆ, ಕಾರವಾರ, ಕುಮಟಾ, ಹೊನ್ನಾವರ, ಭಟ್ಕಳದ ಕಡೆಯಿಂದ ಬಂದ ಗುಮಾಸ್ತರ ಒಂದು ಗುಂಪು ಎದುರಾಗುತ್ತದೆ.

ಅವರು ಇಲ್ಲಿಗೆ ಬಂದದ್ದರ ಹಿಂದೆ ಒಂದು ಸರ್ಕಾರಿ ಗೆರೆ ಇದೆ. ಬ್ರಿಟಿಷರು ಕೆನರಾ ಜಿಲ್ಲೆಯನ್ನು ಒಡೆದು, 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಉತ್ತರ ಕನ್ನಡದ ಹುಡುಗನ ಪಾಲಿಗೆ ಹೈಕೋರ್ಟು, ಯೂನಿವರ್ಸಿಟಿ, ಸೆಕ್ರೆಟೇರಿಯಟ್ಟು ಎಲ್ಲವೂ ಮುಂಬಯಿ ಆಯಿತು. ಆಗಬೋಟು ಹತ್ತಿದರೆ ಮುಗಿಯಿತು; ಮಳೆಗಾಲದಲ್ಲಿ ಮಾತ್ರ ಕಡಲು ಬಿಡುತ್ತಿರಲಿಲ್ಲ. ಹೀಗೆ ಬಂದವರಲ್ಲಿ ಶಿರಾಲಿಯ ಚಿತ್ರಾಪುರ ಮಠದ ಶಿಷ್ಯರಾದ ಸಾರಸ್ವತರು ಬಹಳ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ. ಕಾಯ್ಕಿಣಿ, ಗೋಕರ್ಣ, ಬಿಜೂರು ಎಂದು ಬಿಟ್ಟುಬಂದ ಊರನ್ನೇ ಹೆಸರಿನ ಬಾಲಕ್ಕೆ ಕಟ್ಟಿಕೊಂಡು ಬಂದವರು ಗಿರಗಾಂವದ ಚಾಳುಗಳಲ್ಲಿ ಬಿಡಾರ ಹೂಡಿದರು.

ಚಾಳಿನ ಜೀವನದ ಬಗ್ಗೆ ಈಗ ನಾವು ತುಂಬ ಮೃದುವಾಗಿ ಬರೆಯುತ್ತೇವೆ. ಪಡಸಾಲೆಯ ಹರಟೆ, ಗಣಪತಿ ಹಬ್ಬ, ಬಟ್ಟಲಲ್ಲಿ ಅತ್ತಿತ್ತ ಓಡಾಡುವ ಸಾರು. ಅದೆಲ್ಲ ಇದ್ದದ್ದೇ. ಜೊತೆಗೆ ಒಂದೇ ನಲ್ಲಿ, ಸಾಲು ನಿಲ್ಲುವ ಪಾಯಖಾನೆ, ಗಾಳಿ ಆಡದ ಖೋಲಿ, ಮಾಲಕ ಏರಿಸಿದಾಗಲೆಲ್ಲ ತಲೆಬಾಗಿ ಕೊಡಬೇಕಾದ ಬಾಡಿಗೆ ಕೂಡ ಇದ್ದವು. 1896ರಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಇಂಥ ಖೋಲಿಗಳೇ ಸಾವಿನ ಮನೆಗಳಾದವು. ಎರಡು ವರ್ಷದ ನಂತರ, 1898ರಲ್ಲಿ, ಸರ್ಕಾರ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಇಕ್ಕಟ್ಟಾದ ಕೇರಿಗಳನ್ನು ಕೆಡವಿ ಅಗಲ ರಸ್ತೆ ಮಾಡುವುದು, ಹೊಸ ಬಡಾವಣೆ ಹಾಕಿ ನಿವೇಶನಗಳನ್ನು ದೀರ್ಘಾವಧಿ ಗುತ್ತಿಗೆಗೆ ಕೊಡುವುದು ಅದರ ಕೆಲಸ. ಕೆಡವಿದ ವೇಗದಲ್ಲಿ ಕಟ್ಟಲಿಲ್ಲ ಎಂಬ ದೂರು ಅದರ ಮೇಲೆ ಮೊದಲಿನಿಂದಲೂ ಇತ್ತು. ಗಾಮದೇವಿಯಲ್ಲಿ, ದಾದರ್-ಮಾಟುಂಗದಲ್ಲಿ ಹೊಸ ನಿವೇಶನಗಳೇನೋ ಎದ್ದವು. ಗುಮಾಸ್ತನ ಸಂಬಳದಲ್ಲಿ ಅಲ್ಲಿ ಕಲ್ಲು ಇಡುವುದು ಹೇಗೆ?

ಉತ್ತರ ಸಿಕ್ಕಿದ್ದು ಸಾಲದ ಪುಸ್ತಕದಲ್ಲಿ. ಶ್ರೀಪಾದ ಸುಬ್ರಾವ್ ತಲ್ಮಕಿ ಎಂಬವರು 1906ರ ಡಿಸೆಂಬರಿನಲ್ಲಿ, ತಮಗೆ ಗುರುಸ್ಥಾನದಲ್ಲಿದ್ದ ಶಾಮರಾವ್ ವಿಠ್ಠಲ ಕಾಯ್ಕಿಣಿಯವರ ಹೆಸರಿನಲ್ಲಿ ಒಂದು ಸಹಕಾರಿ ಪತ್ತಿನ ಸಂಘ ಆರಂಭಿಸಿದರು. ಅದೇ ಇಂದಿನ ಎಸ್‌ವಿಸಿ ಬ್ಯಾಂಕ್. (ಸಾರಸ್ವತ ಬ್ಯಾಂಕ್ ಬೇರೆ, ಅದು 1918ರದ್ದು; ಇವೆರಡನ್ನೂ ಕಲಸುವವರು ಬಹಳ.) ಸಹಕಾರಿ ಕಾಯಿದೆ ಬಂದು ಆಗಿನ್ನೂ ಎರಡೇ ವರ್ಷ. ಅದರ ಹಿಂದಿನ ವರ್ಷ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದ್ದರು. ಕನ್ನಡ ನಾಡಿನ ಒಂದು ಹಳ್ಳಿಯಲ್ಲಿ ರೈತರು ಸಾಹುಕಾರನಿಂದ ತಪ್ಪಿಸಿಕೊಳ್ಳಲು ಬಳಸಿದ ಉಪಾಯವನ್ನು, ಗಿರಗಾಂವದಲ್ಲಿ ಸಂಬಳದ ಜನ ತಮ್ಮ ಕೈಸಾಲದ ಕಾಟಕ್ಕೆ ಬಳಸಿದರು ಎನ್ನಬಹುದು.

ಪತ್ತಿನ ಸಂಘಕ್ಕೂ ಮನೆಗೂ ಏನು ನಂಟು? ನನಗೆ ಇಡೀ ಕಥೆಯ ಕೀಲಿ ಇಲ್ಲೇ ಇದೆ ಎನಿಸುತ್ತದೆ. ಪತ್ತಿನ ಸಂಘದಲ್ಲಿ ಕೆಲವು ವರ್ಷ ಕೂತವರಿಗೆ ಯಾರು ಕಂತು ತಪ್ಪಿಸುವುದಿಲ್ಲ, ಯಾರ ಲೆಕ್ಕ ಚೊಕ್ಕ, ಯಾರು ಸಭೆಯಲ್ಲಿ ಜೋರು ಮಾತಾಡಿ ಕೆಲಸದ ಹೊತ್ತಿಗೆ ಕಾಣೆಯಾಗುತ್ತಾರೆ ಎಲ್ಲವೂ ತಿಳಿದಿರುತ್ತದೆ. ಮನೆ ಕಟ್ಟುವುದಕ್ಕೆ ಸಿಮೆಂಟಿಗಿಂತ ಮೊದಲು ಬೇಕಾದ ತಿಳಿವಳಿಕೆ ಇದು. ಅದು ಬರುವುದಕ್ಕೆ ಅವರಿಗೆ ಒಂಬತ್ತು ವರ್ಷದ ಸಮಯ ಸಿಕ್ಕಿತ್ತು.

ಕಾನೂನೂ ಜೊತೆಗೂಡಿತು. 1904ರ ಕಾಯಿದೆಯಲ್ಲಿ ಪತ್ತಿನ ಸಂಘಗಳಿಗಷ್ಟೇ ಅವಕಾಶ. 1912ರ ಹೊಸ ಕಾಯಿದೆ ಬೇರೆ ಉದ್ದೇಶದ ಸಂಘಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಬಾಂಬೆ ಕೋ-ಆಪರೇಟಿವ್ ಹೌಸಿಂಗ್ ಅಸೋಸಿಯೇಷನ್ ಹುಟ್ಟಿತು. ಅದು ಮನೆ ಕಟ್ಟುವ ಸಂಘವಲ್ಲ, ಕಟ್ಟಬೇಕೆನ್ನುವವರಿಗೆ ಬುದ್ಧಿ ಹೇಳುವ ಸಂಘ. ಈ ವಿಚಾರವನ್ನು ಊರಲ್ಲೆಲ್ಲ ಹರಡುವುದು, ಹೊಸ ಗುಂಪುಗಳಿಗೆ ದಾರಿ ತೋರಿಸುವುದು ಅದರ ಕೆಲಸ. 1915ರಲ್ಲಿ ಗಾಮದೇವಿಯ ಸಾರಸ್ವತ ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ ನೋಂದಣಿಯಾಯಿತು. ಎರಡರ ಹಿಂದೆಯೂ ತಲ್ಮಕಿಯವರ ಓಡಾಟ ಇತ್ತು.

ಸೊಸೈಟಿಯ ಲೆಕ್ಕಾಚಾರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಇವತ್ತಿನ ನಮ್ಮ ಸೊಸೈಟಿಗೂ ಅದಕ್ಕೂ ಹೆಸರೊಂದೇ ಸಮಾನ. ಅದರ ಮಾದರಿ ಇಂಗ್ಲೆಂಡಿನದು. ಲಂಡನ್ ಹತ್ತಿರದ ಈಲಿಂಗ್‌ನಲ್ಲಿ 1901ರಲ್ಲಿ ಶುರುವಾದ ಒಕ್ಕಲು-ಪಾಲುದಾರಿಕೆ. ಸದಸ್ಯರು ಷೇರು ಹಣ ಹಾಕುತ್ತಾರೆ, ಉಳಿದದ್ದಕ್ಕೆ ಸಂಘ ಸಾಲ ತರುತ್ತದೆ. ಕಟ್ಟಡ ಸಂಘದ್ದು, ಯಾವ ಸದಸ್ಯನದೂ ಅಲ್ಲ. ಸದಸ್ಯ ತಾನೇ ಪಾಲುದಾರನಾದ ಸಂಘಕ್ಕೆ ಬಾಡಿಗೆ ಕೊಡುತ್ತಾನೆ. ಆ ಬಾಡಿಗೆಯಿಂದ ಸಾಲದ ಬಡ್ಡಿ, ನೆಲದ ಗುತ್ತಿಗೆ, ತೆರಿಗೆ, ರಿಪೇರಿ, ಮುಂದಿನ ದಿನಕ್ಕೆ ಒಂದಿಷ್ಟು ಠೇವಣಿ. ಬಿಟ್ಟು ಹೋಗುವವನಿಗೆ ತಾನು ಹಾಕಿದ ಷೇರಿನ ಹಣ ವಾಪಸು. ಊರು ಬೆಳೆದು ನೆಲದ ಬೆಲೆ ಹತ್ತು ಪಟ್ಟಾದರೂ ಆ ಲಾಭ ಅವನ ಜೇಬಿಗೆ ಬಾರದು. ಮುಂದೆ ಅದೇ ಖೋಲಿಗೆ ಬರುವವನ ಕಡಿಮೆ ಬಾಡಿಗೆಯಾಗಿ ಅಲ್ಲೇ ಉಳಿಯುತ್ತದೆ. ಮಾಲಕನೂ ತಾನೇ, ಬಾಡಿಗೆದಾರನೂ ತಾನೇ. ಆದ್ದರಿಂದ ಏರಿಸುವವನೂ ಇಲ್ಲ, ಓಡಿಸುವವನೂ ಇಲ್ಲ.

ಇದು ಏಷ್ಯಾದಲ್ಲೇ ಮೊದಲ ಸಹಕಾರಿ ಗೃಹನಿರ್ಮಾಣ ಸಂಘ ಎಂದು ಮುಂಬಯಿಯವರು ಹೇಳಿಕೊಳ್ಳುತ್ತಾರೆ. ಬೆಂಗಳೂರಿನವರು ಒಪ್ಪಬೇಕಾಗಿಲ್ಲ. ಮೈಸೂರು ಸಂಸ್ಥಾನದಲ್ಲಿ ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿ 1909ರಲ್ಲೇ ಆಗಿತ್ತು. ಅಲ್ಲಿಯೂ ಪ್ಲೇಗಿನ ಹೊಡೆತದ ನಂತರವೇ ಬಸವನಗುಡಿ, ಮಲ್ಲೇಶ್ವರಗಳು ಎದ್ದದ್ದು. ಯಾರು ಮೊದಲು ಎಂಬ ಜಗಳದಲ್ಲಿ ಎರಡೂ ಕಡೆ ನಮ್ಮವರೇ ಇರುವುದರಿಂದ ಇದನ್ನು ಇಲ್ಲಿಗೇ ಬಿಡೋಣ.

ಗಾಮದೇವಿಯ ಉದಾಹರಣೆ ಬೇರೆಯವರಿಗೂ ಧೈರ್ಯ ಕೊಟ್ಟಿತು. 1918ರಲ್ಲಿ ಬಾಂದ್ರಾದಲ್ಲಿ ಕ್ಯಾಥೊಲಿಕರು ಸಾಲ್ಸೆಟ್ ಸೊಸೈಟಿ ಮಾಡಿದರು. ಸಾರಸ್ವತರೇ ಸಾಂತಾಕ್ರೂಜಿಗೆ ಹೋಗಿ ಇನ್ನೊಂದು ಸೊಸೈಟಿ ಕಟ್ಟಿದರು. ತಾರ್ದೇವದ ಒಂದು ವಸತಿ ತಲ್ಮಕಿವಾಡಿ ಎಂದು ಅವರ ಹೆಸರನ್ನೇ ಹೊತ್ತಿದೆ. ಕೆನರಾ ಸಾರಸ್ವತ ಅಸೋಸಿಯೇಷನ್ನಿನ ಕಚೇರಿ ಈಗಲೂ ಅಲ್ಲಿದೆ.

ಈ ಪಟ್ಟಿಯಲ್ಲಿ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಸಾರಸ್ವತರು, ಕ್ಯಾಥೊಲಿಕರು ಎಂದು ಎಲ್ಲವೂ ಜಾತಿಯ, ಮತದ ಹೆಸರು. ಅದೇ ಆಗಬೋಟಿನ ಡೆಕ್ಕಿನಲ್ಲಿ ಬಂದು ಹೋಟೆಲಿನಲ್ಲಿ ಬಸಿ ತೊಳೆದು, ರಾತ್ರಿ ಅದೇ ಮೇಜಿನ ಮೇಲೆ ಮಲಗುತ್ತಿದ್ದ ಕರಾವಳಿಯ ಹುಡುಗನಿಗೆ ಗಾಮದೇವಿಯಲ್ಲಿ ಜಾಗ ಇರಲಿಲ್ಲ. ಗಿರಣಿ ಕಾರ್ಮಿಕನಿಗಂತೂ ಷೇರಿನ ಮೊದಲ ಕಂತೇ ಎಟುಕದು. ಬ್ರಿಟಿಷ್ ಅಧಿಕಾರಿಗಳಿಗೆ ಇದು ಕೊರತೆಯಾಗಿ ಕಾಣಲಿಲ್ಲ. ಒಂದೇ ಜಾತಿಯವರಾದರೆ ಪರಸ್ಪರ ನಂಬಿಕೆ ಇರುತ್ತದೆ, ಸಂಘ ಮುರಿಯುವುದಿಲ್ಲ ಎಂಬುದು ಅವರ ಎಣಿಕೆ. ಆ ಎಣಿಕೆಗೆ ಆಯುಷ್ಯ ಗಟ್ಟಿ. ಅಹಮದಾಬಾದಿನ ಪಾರ್ಸಿಗಳ ಸೊಸೈಟಿಯೊಂದರ ಪ್ರಕರಣದಲ್ಲಿ, ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಸೀಮಿತಗೊಳಿಸುವ ನಿಯಮವನ್ನು ಸುಪ್ರೀಂ ಕೋರ್ಟು 2005ರಲ್ಲಿ ಎತ್ತಿಹಿಡಿಯಿತು.

ನನ್ನ ಅನುಮಾನ ಬೇರೆ. ಗಾಮದೇವಿಯ ಮನೆಯನ್ನು ಹಿಡಿದು ನಿಲ್ಲಿಸಿದ್ದು ಜಾತಿಯೇ ಆಗಿದ್ದರೆ ಪತ್ತಿನ ಸಂಘ, ಪೈಸೆಪೈಸೆಯ ಲೆಕ್ಕ, ವಾರ್ಷಿಕ ಸಭೆ, ಆಡಿಟ್ಟು ಇವೆಲ್ಲ ಯಾಕೆ ಬೇಕಿತ್ತು? ಒಂದೇ ಮಠದ ಶಿಷ್ಯರು, ಬಂಧುಬಳಗ, ಆದರೂ ಬಾಯಿಮಾತಿನ ಮೇಲೆ ಯಾರೂ ಯಾರಿಗೂ ಹಣ ಬಿಡಲಿಲ್ಲ. ನಂಬಿಕೆ ರಕ್ತದಿಂದ ಬಂದದ್ದು ಎಂದು ಅವರೇ ತಿಳಿದಿರಬಹುದು. ಅವರ ಕೈ ಮಾತ್ರ ದಿನವೂ ಲೆಡ್ಜರು ಬರೆಯುತ್ತಿತ್ತು. ಲೆಡ್ಜರು ಬರೆಯಲು ಗೋತ್ರ ಬೇಕಿಲ್ಲ.

ಮುಂದಿನ ಕಥೆ ಬೇಗ ಹೇಳಬಹುದು. 1947ರ ಬಾಡಿಗೆ ಕಾಯಿದೆ ಬಾಡಿಗೆಯನ್ನು ಕಟ್ಟಿಹಾಕಿತು. ಬಾಡಿಗೆಗೆಂದು ಕಟ್ಟಡ ಕಟ್ಟುವವರು ಕಡಿಮೆಯಾದರು, ಪಗಡಿ ಬೆಳೆಯಿತು. ಬಿಲ್ಡರು ಬಂದ. ಅವನು ಕಟ್ಟಿ ಮಾರುವ 'ಓನರ್‌ಶಿಪ್' ಫ್ಲ್ಯಾಟುಗಳಲ್ಲಿ ನಡೆಯುತ್ತಿದ್ದ ಮೋಸ ತಡೆಯಲು ಮಹಾರಾಷ್ಟ್ರ 1963ರಲ್ಲಿ ಕಾಯಿದೆ ಮಾಡಿತು. ಫ್ಲ್ಯಾಟು ಕೊಂಡವರ ಸೊಸೈಟಿಯನ್ನು ಬಿಲ್ಡರನೇ ಮಾಡಿಸಿಕೊಡಬೇಕು, ಆಮೇಲೆ ನೆಲವನ್ನು ಅದರ ಹೆಸರಿಗೆ ಕನ್ವೆಯನ್ಸ್ ಮಾಡಬೇಕು ಎಂದು. ಎಷ್ಟೋ ಜನ ಬಿಲ್ಡರುಗಳು ಮಾಡಲೇ ಇಲ್ಲ. ಬಿಲ್ಡರ್ ಸಹಿ ಹಾಕದಿದ್ದರೂ ಸೊಸೈಟಿ ಅರ್ಜಿ ಕೊಟ್ಟು ನೆಲ ಪಡೆಯಬಹುದಾದ 'ಡೀಮ್ಡ್ ಕನ್ವೆಯನ್ಸ್' ಬರಲು 2008 ಆಗಬೇಕಾಯಿತು. ಸದ್ದಿಲ್ಲದೆ ಕ್ರಮವೇ ತಿರುವುಮುರುವಾಗಿತ್ತು. ತಲ್ಮಕಿಯವರ ಕಾಲದಲ್ಲಿ ಮೊದಲು ಸೊಸೈಟಿ, ಆಮೇಲೆ ಮನೆ. ನಮಗೆ ಮೊದಲು ಫ್ಲ್ಯಾಟು, ಆಮೇಲೆ ಸೊಸೈಟಿ. ಪಕ್ಕದ ಫ್ಲ್ಯಾಟಿನವರ ಮುಖ ಮೊದಲು ನೋಡಿದ್ದೇ ಸೋರುವ ಗೋಡೆಯ ಜಗಳದಲ್ಲಿ ಎಂಬವರು ನಮ್ಮಲ್ಲಿ ಎಷ್ಟು ಜನರಿಲ್ಲ!

ಈಗ ಆ ಫ್ಲ್ಯಾಟುಗಳಿಗೂ ವಯಸ್ಸಾಗಿದೆ. ಡೊಂಬಿವಲಿಯಿಂದ ಮುಲುಂಡದವರೆಗೆ, ಬೋರಿವಲಿಯಿಂದ ಅಂಧೇರಿಯವರೆಗೆ ಪ್ರತಿ ಕಟ್ಟಡದ ಮೀಟಿಂಗಿನಲ್ಲೂ ಒಂದೇ ಮಾತು, ರೀಡೆವಲಪ್‌ಮೆಂಟ್. ಬಿಲ್ಡರನಿಗೆ ಒಪ್ಪಿಸಿ, ಬಾಡಿಗೆ ಮನೆಗೆ ಹೋಗಿ, ಅವನು ಅರ್ಧಕ್ಕೆ ನಿಲ್ಲಿಸಿದರೆ ಗತಿಯೇನು ಎಂಬ ಭಯ ಹಿರಿಯರಿಗೆ. ಆ ಭಯ ಸುಳ್ಳಲ್ಲ. ಇನ್ನೊಂದು ದಾರಿ ಸೆಲ್ಫ್ ರೀಡೆವಲಪ್‌ಮೆಂಟ್. ಸೊಸೈಟಿಯೇ ಆರ್ಕಿಟೆಕ್ಟನ್ನು, ಗುತ್ತಿಗೆದಾರನನ್ನು ನೇಮಿಸಿ, ತನ್ನ ಹೆಸರಲ್ಲೇ ಸಾಲ ತಂದು, ಹೆಚ್ಚುವರಿ ಫ್ಲ್ಯಾಟು ಮಾರಿ ತೀರಿಸುವುದು. 2019ರಲ್ಲಿ ರಾಜ್ಯ ಸರ್ಕಾರ ಇದಕ್ಕೆ ಉತ್ತೇಜನದ ಆದೇಶ ಹೊರಡಿಸಿತು, ಮುಂಬಯಿ ಜಿಲ್ಲಾ ಸಹಕಾರಿ ಬ್ಯಾಂಕ್ ಸಾಲಕ್ಕೆ ಮುಂದೆ ಬಂತು. ಅಂದರೆ ನೂರು ವರ್ಷದ ಮೇಲೆ ಮತ್ತೆ ಮೊದಲು ಸೊಸೈಟಿ, ಆಮೇಲೆ ಮನೆ.

ಇಂಥ ಕೆಲಸಕ್ಕೆ ಕೈ ಹಾಕುವವರು ಪರಸ್ಪರ ಹೇಳಿಕೊಳ್ಳುವ ಬುದ್ಧಿಮಾತುಗಳು ಈಗ ಕೇಳಲು ಸಿಗುತ್ತವೆ. ಪ್ರಾಪರ್ಟಿ ಕಾರ್ಡಿನಲ್ಲಿ ಯಾರ ಹೆಸರಿದೆ ನೋಡಿ, ಕನ್ವೆಯನ್ಸ್ ಆಗದೆ ನಕ್ಷೆಗೆ ದುಡ್ಡು ಸುರಿಯಬೇಡಿ. ಇಂಜಿನಿಯರನ್ನು ನೀವು ನೇಮಿಸಿ, ಗುತ್ತಿಗೆದಾರ ಕರೆತಂದವನನ್ನಲ್ಲ. ಬಿಲ್ಲನ್ನು ಕೆಲಸ ಅಳೆದು ಕೊಡಿ, ಮುಂಗಡವಾಗಿ ಅಲ್ಲ. ಮಾರದ ಫ್ಲ್ಯಾಟಿನ ಮೇಲೆ ಲೆಕ್ಕ ಹಾಕಬೇಡಿ. ಇವನ್ನೆಲ್ಲ ಹೇಳುವುದು ಸಲಹಾಗಾರರಲ್ಲ. ಎದುರು ಬಿಲ್ಡಿಂಗಿನ ನಿವೃತ್ತ ಬ್ಯಾಂಕ್ ಅಧಿಕಾರಿ, ಮೂರನೆಯ ಮಹಡಿಯ ಟೀಚರು. ಹತ್ತು ವರ್ಷ ಮೆಂಟೆನನ್ಸ್ ರಸೀದಿ ತಪ್ಪದೆ ಬರೆದ ಸೆಕ್ರೆಟರಿ ಇರುವ ಕಟ್ಟಡಗಳಲ್ಲಿ ಮೀಟಿಂಗು ಬೇಗ ಮುಗಿಯುತ್ತದೆಯಂತೆ. ನಿಮ್ಮ ಕಟ್ಟಡದಲ್ಲಿ ಯಾರಾದರೂ ಈ ದಾರಿ ಹಿಡಿದಿದ್ದರೆ ಅವರ ಲೆಕ್ಕದ ವಹಿಯನ್ನು ಒಮ್ಮೆ ಕೇಳಿ ನೋಡಿ, ಸಾಧ್ಯವಾದರೆ ಬರೆದು ಕಳಿಸಿ.