ಇಬ್ನ್ ಖಲ್ದೂನರ ಅರ್ಧ ಮಾತು

1981ರ ಅಕ್ಟೋಬರ್ 1ರಂದು ಪತ್ರಿಕಾಗೋಷ್ಠಿಯಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ತಮ್ಮ ತೆರಿಗೆ ಕಡಿತವನ್ನು ಸಮರ್ಥಿಸಿಕೊಳ್ಳಲು ಇಬ್ನ್ ಖಲ್ದೂನರ ಹೆಸರೆತ್ತಿದರು. ರಾಜವಂಶದ ಆರಂಭದಲ್ಲಿ ಹಗುರ ತೆರಿಗೆಯಿಂದಲೇ ಬೊಕ್ಕಸ ತುಂಬುತ್ತದೆ, ಕೊನೆಗಾಲದಲ್ಲಿ ಭಾರೀ ತೆರಿಗೆ ಹಾಕಿದರೂ ತುಂಬುವುದಿಲ್ಲ ಎಂಬುದು ಅವರು ಎತ್ತಿಕೊಂಡ ಮಾತು. ಹದಿನಾಲ್ಕನೆಯ ಶತಮಾನದ ಮುಸ್ಲಿಂ ಚಿಂತಕರೊಬ್ಬರ ಮಾತು ಶ್ವೇತಭವನ ತಲುಪಿತಲ್ಲ ಎಂದು ನಮ್ಮವರು ಹಿಗ್ಗುವುದುಂಟು. ಹಿಗ್ಗುವ ಮುನ್ನ ನಾವು ಆ ಪುಸ್ತಕದ ಮುಂದಿನ ಪುಟಗಳನ್ನೂ ತಿರುವಿ ನೋಡಬೇಕಿತ್ತು.

1332ರಲ್ಲಿ ಟ್ಯೂನಿಸ್‌ನಲ್ಲಿ ಹುಟ್ಟಿದ ಇಬ್ನ್ ಖಲ್ದೂನ್ ಹಲವು ಸುಲ್ತಾನರ ಬಳಿ ಚಾಕರಿ ಮಾಡಿ, ಸೆರೆಮನೆಯನ್ನೂ ಕಂಡು, 1377ರಲ್ಲಿ ಇಂದಿನ ಅಲ್ಜೀರಿಯಾದ ಕೋಟೆಯೊಂದರಲ್ಲಿ ಕುಳಿತು ‘ಮುಕದ್ದಿಮಾ’ ಬರೆದರು. ಅರಬಿಯಲ್ಲಿ ಹಾಗೆಂದರೆ ಪೀಠಿಕೆ. ಅದೇ ಮೂಲದ ಪದ ನಮ್ಮಲ್ಲಿ ಕೋರ್ಟಿನ ಮೊಕದ್ದಮೆಯಾಗಿದೆ. ಅದೂ ಒಪ್ಪುವಂಥದ್ದೇ, ದೊರೆಗಳ ಮೇಲೆ ಹೂಡಿದ ದಾವೆಯಂತೆಯೇ ಆ ಗ್ರಂಥ ಓದಿಸಿಕೊಳ್ಳುತ್ತದೆ.

ಹೊಸ ವಂಶದ ತೆರಿಗೆ ಹಗುರವಾಗಿರಲು ಅವರು ಕೊಡುವ ಕಾರಣ ಸರಳ. ಮರುಭೂಮಿಯಿಂದ ಬಂದ ದೊರೆಯ ಊಟ, ಉಡುಪು, ಪರಿವಾರ ಎಲ್ಲವೂ ಮಿತ. ಖರ್ಚು ಕಡಿಮೆ, ಆದ್ದರಿಂದ ತೆರಿಗೆಯೂ ಕಡಿಮೆ. ಮೊಮ್ಮಕ್ಕಳ ಕಾಲಕ್ಕೆ ವೈಭೋಗ ಬೆಳೆಯುತ್ತದೆ, ಸೈನ್ಯದ ಖರ್ಚು ಏರುತ್ತದೆ, ಸಂತೆಯ ಸರಕಿನ ಮೇಲೂ ಸುಂಕ ಬೀಳುತ್ತದೆ. ದುಡಿದು ಉಳಿಯುವುದಿಲ್ಲವೆಂದು ಕಂಡ ರೈತ, ವ್ಯಾಪಾರಿ ಕೈಕಟ್ಟಿ ಕೂರುತ್ತಾರೆ. ಅಂದರೆ ಮಿತವ್ಯಯ ಮೊದಲು, ಹಗುರ ತೆರಿಗೆ ಆಮೇಲೆ.

ರೇಗನ್ ಈ ಕ್ರಮವನ್ನು ತಲೆಕೆಳಗು ಮಾಡಿದರು. 1981ರ ಆಗಸ್ಟ್‌ನಲ್ಲಿ ಅವರು ಸಹಿ ಹಾಕಿದ ಕಾನೂನು ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ. 70ರಿಂದ 50ಕ್ಕೆ ಇಳಿಸಿತು. ಜೊತೆಗೇ ರಕ್ಷಣಾ ವೆಚ್ಚ ಏರುತ್ತಾ ಹೋಯಿತು. ಉಳಿತಾಯದ ಕತ್ತರಿ ಬಿದ್ದದ್ದು ಬಡವರ ಆಹಾರ ಕೂಪನ್‌ಗಳ ಮೇಲೆ, ಶಾಲಾಮಕ್ಕಳ ಊಟದ ಮೇಲೆ. ಮಕ್ಕಳ ತಟ್ಟೆಯಲ್ಲಿ ನಂಜಿಕೊಳ್ಳುವ ಪದಾರ್ಥವನ್ನೂ ತರಕಾರಿಯ ಲೆಕ್ಕಕ್ಕೆ ಹಿಡಿಯುವ ಪ್ರಸ್ತಾಪವೊಂದು ಆ ಸೆಪ್ಟೆಂಬರ್‌ನಲ್ಲಿ ಬಂತು. ಹಾಗಾದರೆ ಟೊಮೆಟೊ ಕೆಚಪ್ ಕೂಡ ತರಕಾರಿಯೇ ಎಂದು ದೇಶವೆಲ್ಲ ನಕ್ಕ ಮೇಲೆ ಅದನ್ನು ಹಿಂತೆಗೆದುಕೊಂಡರು. ಇಬ್ನ್ ಖಲ್ದೂನರ ಹೆಸರು ಕೇಳಿಬಂದದ್ದು ಇದಾಗಿ ಕೆಲವೇ ದಿನಗಳಿಗೆ.

1981ರಲ್ಲಿ ಸುಮಾರು 7,900 ಕೋಟಿ ಡಾಲರ್ ಇದ್ದ ಕೊರತೆ 1983ಕ್ಕೆ 20,800 ಕೋಟಿಯ ಹತ್ತಿರ ಹೋಯಿತು. ನಡುವೆ ಬಂದ ಆರ್ಥಿಕ ಹಿಂಜರಿತದ ಪಾಲೂ ಇದರಲ್ಲಿದೆ, ಅದನ್ನು ಮರೆಮಾಚುವುದು ನ್ಯಾಯವಲ್ಲ. 1982ರಲ್ಲಿ ಸ್ವತಃ ರೇಗನ್ನರೇ ಕೆಲವು ತೆರಿಗೆಗಳನ್ನು ಏರಿಸುವ ಕಾನೂನಿಗೆ ಸಹಿ ಹಾಕಬೇಕಾಯಿತು. ಆದರೂ ಒಂದು ಲಕ್ಷ ಕೋಟಿ ಡಾಲರ್‌ನಷ್ಟಿದ್ದ ಸರ್ಕಾರದ ಸಾಲ 1988ರ ಹೊತ್ತಿಗೆ ಎರಡೂವರೆ ಲಕ್ಷ ಕೋಟಿಯನ್ನು ದಾಟಿತ್ತು.

ಪತ್ರಿಕಾಗೋಷ್ಠಿಯಲ್ಲಿ ಬಾರದೆ ಹೋದ ಇನ್ನೊಂದು ಮಾತು ಅದೇ ‘ಮುಕದ್ದಿಮಾ’ದಲ್ಲಿದೆ. ರಾಜ್ಯವೇ ಎಲ್ಲಕ್ಕಿಂತ ದೊಡ್ಡ ಸಂತೆ ಎನ್ನುತ್ತಾರೆ ಇಬ್ನ್ ಖಲ್ದೂನ್. ಸುಲ್ತಾನ ಹಣವನ್ನು ಬೊಕ್ಕಸದಲ್ಲೇ ಬಿಗಿಹಿಡಿದರೆ ಸಿಪಾಯಿಯ ಸಂಬಳ ಕುಗ್ಗುತ್ತದೆ, ಅವನ ಮನೆಯವರು ಸಂತೆಗೆ ಬರುವುದು ನಿಲ್ಲುತ್ತದೆ, ವ್ಯಾಪಾರಿಯ ಲಾಭ ಇಳಿಯುತ್ತದೆ, ಕೊನೆಗೆ ಬೊಕ್ಕಸಕ್ಕೆ ಬರುವ ತೆರಿಗೆಯೂ ಇಳಿಯುತ್ತದೆ. ಹಣ ದೊರೆಗೂ ಪ್ರಜೆಗೂ ನಡುವೆ ಓಡಾಡುತ್ತಿರಬೇಕು. ದೊರೆ ತಡೆಹಿಡಿದರೆ ಪ್ರಜೆಗಳ ಪಾಲಿಗೆ ಅದು ಇಲ್ಲವಾಗುತ್ತದೆ.