ಲ್ಯಾಂಬೆತ್‌ನಲ್ಲಿ ಬೆಂಗಳೂರು ಮುತ್ತಿಗೆ ತೋರಿಸಿದ ಸಾರ್ಜೆಂಟ್

ಆಲ್ಬರ್ಟ್ ಎಂಬಾಂಕ್‌ಮೆಂಟಿನ ಬಸವೇಶ್ವರ ಪ್ರತಿಮೆಗೆ ಕೈಮುಗಿದು ಥೇಮ್ಸ್ ದಂಡೆಯಲ್ಲೇ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಕಡೆ ಹೊರಟರೆ ಸೇಂಟ್ ಥಾಮಸ್ ಆಸ್ಪತ್ರೆ ಸಿಗುತ್ತದೆ. ಅದರ ಆಸುಪಾಸಿನಲ್ಲೇ ಒಂದು ಕಾಲದಲ್ಲಿ ಲಂಡನ್ನಿನ ಜನ ಮುಗಿಬಿದ್ದು ಹೋಗುತ್ತಿದ್ದ ಆಸ್ಟ್ಲಿಯ ರಂಗಮಂದಿರವಿತ್ತು. ಈಗಿನ ಸರ್ಕಸ್ಸಿನ ಮೂಲ ಹುಡುಕುವವರು ಬಂದು ನಿಲ್ಲುವುದು ಇಲ್ಲಿಗೇ.

ಫಿಲಿಪ್ ಆಸ್ಟ್ಲಿ 1742ರಲ್ಲಿ ನ್ಯೂಕ್ಯಾಸಲ್-ಅಂಡರ್-ಲೈಮ್ ಎಂಬ ಊರಿನಲ್ಲಿ ಮರಗೆಲಸದವನ ಮಗನಾಗಿ ಹುಟ್ಟಿದ. ಅಪ್ಪನ ಕಸುಬು ಅವನಿಗೆ ಒಗ್ಗಲಿಲ್ಲ. 17ರ ವಯಸ್ಸಿಗೆ ಕರ್ನಲ್ ಎಲಿಯಟ್ ಕಟ್ಟುತ್ತಿದ್ದ ಹೊಸ ಅಶ್ವದಳ ಸೇರಿದ. ಏಳು ವರ್ಷಗಳ ಯುದ್ಧ ಅವನನ್ನು ಜರ್ಮನಿಗೆ ಒಯ್ದಿತು. 1760ರ ಎಮ್ಸ್‌ಡಾರ್ಫ್ ಕಾಳಗದಲ್ಲಿ ಫ್ರೆಂಚರ ಧ್ವಜವೊಂದನ್ನು ಕಿತ್ತುಕೊಂಡು ಹೆಸರು ಮಾಡಿದ. ಆಳು ಎತ್ತರ, ದನಿ ಗುಡುಗು; ಕುದುರೆ ಪಳಗಿಸುವುದರಲ್ಲಂತೂ ಎತ್ತಿದ ಕೈ. ಸಾರ್ಜೆಂಟ್ ಮೇಜರ್ ಆಗಿ 1766ರಲ್ಲಿ ಸೇನೆ ಬಿಟ್ಟಾಗ ಎಲಿಯಟ್ ಅವನಿಗೊಂದು ಬಿಳಿ ಕುದುರೆಯನ್ನು ಉಡುಗೊರೆಯಾಗಿ ಕೊಟ್ಟ ಎನ್ನುತ್ತಾರೆ.

1768ರಲ್ಲಿ ಆಸ್ಟ್ಲಿ ಇಂದಿನ ವಾಟರ್‌ಲೂ ನಿಲ್ದಾಣದ ಹತ್ತಿರ, ಆಗ ಬರೀ ಬಯಲಾಗಿದ್ದ ಹಾಫ್‌ಪೆನ್ನಿ ಹ್ಯಾಚ್‌ನಲ್ಲಿ ಸವಾರಿ ಶಾಲೆ ತೆರೆದ. ಬೆಳಿಗ್ಗೆ ಪಾಠ, ಮಧ್ಯಾಹ್ನ ಪ್ರದರ್ಶನ. ಕುದುರೆ ಕಸರತ್ತು ಅವನು ಕಂಡುಹಿಡಿದ ವಿದ್ಯೆಯಲ್ಲ. ಲಂಡನ್ನಿನ ತೋಟಗಳಲ್ಲಿ ಇತರ ಸವಾರರು ಆಗಲೇ ಅದನ್ನು ತೋರಿಸಿ ದುಡ್ಡು ಮಾಡುತ್ತಿದ್ದರು. ಅವನ ಜಾಣ್ಮೆ ಕಾಣುವುದು ಅಂಕಣದ ಅಳತೆಯಲ್ಲಿ. ಕುದುರೆ ಒಂದೇ ವೇಗದಲ್ಲಿ ವೃತ್ತಾಕಾರವಾಗಿ ಓಡುವಾಗ ಒಳಕ್ಕೆ ವಾಲುತ್ತದೆ. ಅದರ ಬೆನ್ನ ಮೇಲೆ ನಿಂತವನೂ ಜೊತೆಗೇ ಒಳಕ್ಕೆ ವಾಲಿದರೆ, ಹೊರಗೆ ಸೆಳೆಯುವ ಬಲ ಅವನನ್ನು ಬೀಳದಂತೆ ಹಿಡಿಯುತ್ತದೆ. ವೃತ್ತ ತೀರಾ ದೊಡ್ಡದಾದರೆ ಈ ಆಸರೆ ಸಾಲದು, ತೀರಾ ಚಿಕ್ಕದಾದರೆ ಕುದುರೆಯ ಓಟ ಮುಗ್ಗರಿಸುತ್ತದೆ. ಮಾಡಿ ನೋಡಿ ಅವನು ಕೊನೆಗೆ 42 ಅಡಿ ವ್ಯಾಸಕ್ಕೆ ಬಂದು ನಿಂತ. ಜಗತ್ತಿನ ಸರ್ಕಸ್ ಅಂಕಣಗಳು ಇವತ್ತಿಗೂ ಬಹುಮಟ್ಟಿಗೆ ಇದೇ ಅಳತೆಯನ್ನು ಅನುಸರಿಸುತ್ತವೆ.

ಹೆಂಡತಿ ಪ್ಯಾಟಿಯೂ ಪಳಗಿದ ಸವಾರಳು. ಕೈತುಂಬ ಜೇನುನೊಣ ಮುತ್ತಿಸಿಕೊಂಡು ಕುದುರೆ ಓಡಿಸುತ್ತಿದ್ದಳು. ಸವಾರಿ ಸವಾರಿಯ ನಡುವೆ ಜನ ಬೇಸರಪಡಬಾರದೆಂದು ಆಸ್ಟ್ಲಿ ಹಗ್ಗದ ಮೇಲೆ ನಡೆಯುವವರನ್ನು, ಲಾಗ ಹಾಕುವವರನ್ನು, ವಿದೂಷಕನನ್ನು ಕರೆತಂದ. ಕುದುರೆ ಹತ್ತಲು ಬಾರದೆ ಪರದಾಡುವ ದರ್ಜಿಯ ಪ್ರಹಸನ ಅಲ್ಲಿ ಬಹಳ ಜನಪ್ರಿಯವಾಯಿತು. ಇಷ್ಟಾದರೂ ತನ್ನ ರಂಗವನ್ನು ಅವನು ಸರ್ಕಸ್ ಎಂದು ಕರೆಯಲಿಲ್ಲ. ಆ ಹೆಸರನ್ನು ಬಳಕೆಗೆ ತಂದವನು 1782ರಲ್ಲಿ ಎದುರಾಳಿಯಾಗಿ ನಿಂತ ಚಾರ್ಲ್ಸ್ ಹ್ಯೂಸ್. ಅದೇ ವರ್ಷ ಆಸ್ಟ್ಲಿ ಪ್ಯಾರಿಸ್ಸಿನಲ್ಲೂ ರಂಗಮಂದಿರ ತೆರೆದ.

ಲಂಡನ್ ಕನ್ನಡಿಗರು ಇವನ ಕಥೆ ಓದಲೇಬೇಕಾದದ್ದು 1792ಕ್ಕಾಗಿ. ಮಾತಿನ ನಾಟಕ ಆಡಿಸುವ ಹಕ್ಕು ಆಗ ರಾಜಮಾನ್ಯತೆಯ ಕೆಲವೇ ರಂಗಮಂದಿರಗಳಿಗಿತ್ತು. ಉಳಿದವರು ಸಂಗೀತ, ಮೂಕಾಭಿನಯ, ಕುದುರೆ, ಮದ್ದಿನ ಹೊಗೆಗಳಲ್ಲೇ ಕಥೆ ಹೇಳಬೇಕು. ಅದಕ್ಕೆ ಯುದ್ಧಕ್ಕಿಂತ ಒದಗುವ ವಸ್ತು ಯಾವುದಿದೆ? ಆಸ್ಟ್ಲಿ ಟಿಪ್ಪು ಸುಲ್ತಾನನ ಹೆಸರಿನಲ್ಲಿ ಬೆಂಗಳೂರಿನ ಮುತ್ತಿಗೆಯನ್ನು ರಂಗಕ್ಕೆ ತಂದ. ಕಾರ್ನ್‌ವಾಲಿಸನ ಸೇನೆ ಪೇಟೆಗೆ ನುಗ್ಗಿ, ಆಮೇಲೆ ಕೋಟೆ ಹಿಡಿದದ್ದು 1791ರ ಮಾರ್ಚ್‌ನಲ್ಲಿ. ಕೋಟೆ ಬಿಟ್ಟುಕೊಡದೆ ಹೋರಾಡಿದ ಕಿಲ್ಲೇದಾರ ಬಹದ್ದೂರ್ ಖಾನ್ ಅಲ್ಲೇ ಮಡಿದ. ಮರುವರ್ಷವೇ ಲ್ಯಾಂಬೆತ್‌ನ ಜನ ಆ ಕಾಳಗವನ್ನು ಟಿಕೆಟ್ ಕೊಂಡು ನೋಡಿದರು. ನಮ್ಮ ಊರಿನವರ ಸಾವು ಇಲ್ಲಿ ಸಂಜೆಯ ಮನರಂಜನೆಯಾಯಿತು ಎನ್ನುವುದು ಓದುವಾಗ ನೋಯಿಸುತ್ತದೆ. ಬೆಂಗಳೂರೆಂಬ ಹೆಸರು ಸಾಮಾನ್ಯ ಲಂಡನ್ನಿಗರ ಕಿವಿಗೆ ಬಿದ್ದದ್ದು ಇಂಥ ಆಟಗಳಿಂದಲೂ ಹೌದು.

ಮರುವರ್ಷ ಫ್ರಾನ್ಸ್ ಜೊತೆ ಯುದ್ಧ ಶುರುವಾದಾಗ, 50 ದಾಟಿದ್ದ ಆಸ್ಟ್ಲಿ ಮತ್ತೆ ಸೇನೆಯ ಜೊತೆ ಹೊರಟ. ಅವನು ಲಂಡನ್ ಬಿಟ್ಟಿದ್ದಾಗಲೇ, 1794ರಲ್ಲಿ, ರಂಗಮಂದಿರ ಸುಟ್ಟುಹೋಯಿತು. ಬಂದು ಮತ್ತೆ ಕಟ್ಟಿದ. 1803ರಲ್ಲಿ ಎರಡನೇ ಬಾರಿ ಬೆಂಕಿ ಬಿತ್ತು. ಅದನ್ನೂ ಕಟ್ಟಿ ಎಬ್ಬಿಸಿದ. 1814ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಅವನ ನಂತರ ಮಗ ಜಾನ್, ಆಮೇಲೆ ಸವಾರ ಆಂಡ್ರ್ಯೂ ಡುಕ್ರೋ ರಂಗಮಂದಿರವನ್ನು ನಡೆಸಿದರು. ಚಾರ್ಲ್ಸ್ ಡಿಕನ್ಸ್ ಅದರ ಬಗ್ಗೆ ಅಕ್ಕರೆಯಿಂದ ಬರೆದ. ಮಾಲೀಕರು ಬದಲಾಗುತ್ತಾ ಹೋದರೂ 1893ರವರೆಗೆ ಆಸ್ಟ್ಲಿಯ ರಂಗಮಂದಿರ ವೆಸ್ಟ್‌ಮಿನ್‌ಸ್ಟರ್ ಬ್ರಿಜ್ ರಸ್ತೆಯಲ್ಲೇ ಇತ್ತು.